ಮೂರು ಸೈಕಲ್ ತುಳಿದು ನೋಡಿದೆ: ಬಳ್ಳಾರಿಯ ಚಳಿಗಾಲಕ್ಕೆ ಯಾವುದು?

"ಬಳ್ಳಾರಿಯಾಗ ಚಳಿಗಾಲಕ್ಕೆ ಮನಿಯೊಳಗ ಸೈಕಲ್ ತುಳಿತೀಯೇನಲೇ?" ಅಂತ ಗೆಳೆಯರು ನಕ್ಕರು. ನಗಲಿ ಬಿಡಿ, ಅವರು ಹೇಳೋದರಲ್ಲೂ ನ್ಯಾಯ ಇದೆ. ನಮ್ಮ ಕಡೆ ಹೊರಗೆ ಸೈಕಲ್ ಹೊಡೆಯಲು ಡಿಸೆಂಬರ್, ಜನವರಿಗಿಂತ ಒಳ್ಳೆಯ ತಿಂಗಳು ಇಲ್ಲ. ಆದರೆ ನನ್ನ ಡ್ಯೂಟಿ ಬೆಳಿಗ್ಗೆ ಎಂಟಕ್ಕೆ. ಸೂರ್ಯ ಹುಟ್ಟೋದು ಆರೂವರೆ ಮೇಲೆ. ಐದಕ್ಕೇ ಹೊರಟರೆ ಹೊಸಪೇಟೆ ರೋಡಿನಲ್ಲಿ ಕತ್ತಲು, ಧೂಳು, ಪಕ್ಕದಲ್ಲೇ ಸರ್‍ ಅಂತ ಹೋಗುವ ಟಿಪ್ಪರ್‌ಗಳು. ಹಾಗಾಗಿ ಭಾನುವಾರ ರೋಡು, ಉಳಿದ ದಿನ ರೂಮು ಅಂತ ಮಾಡಿಕೊಂಡೆ. ಗುರಿ 200 ಕಿಲೋಮೀಟರಿನ ಒಂದು ಬ್ರೆವೆ, ಅಂದರೆ ರೇಸಲ್ಲದ ದೂರದ ಸೈಕಲ್ ಸವಾರಿ. ಅದನ್ನು ಹದಿಮೂರೂವರೆ ಗಂಟೆಯೊಳಗೆ ಮುಗಿಸಬೇಕು.

ಮೊದಲು ಸಿಕ್ಕಿದ್ದು ಫೆಲ್ಟ್ ಪ್ಯಾಡಿನ ಸ್ಪಿನ್ ಬೈಕ್, ಅಂದರೆ ನಿಂತಲ್ಲೇ ತುಳಿಯುವ ವ್ಯಾಯಾಮದ ಸೈಕಲ್. ಗೆಳೆಯನ ಮನೆಯಲ್ಲಿ ಟವೆಲ್ ಒಣಗಿಸಲು ಬಳಸುತ್ತಿದ್ದರು, ಒಂದು ತಿಂಗಳಿಗೆ ಕೇಳಿ ತಂದೆ. ಚೈನಿನದು, ಫ್ಲೈವೀಲ್ (ತುಳಿದಾಗ ತಿರುಗುವ ಭಾರದ ಚಕ್ರ) 13 ಕೆ.ಜಿ. ಇದರಲ್ಲಿ ನಾಬ್ ತಿರುಗಿಸಿದರೆ ಉಣ್ಣೆಯಂಥ ಪ್ಯಾಡ್ ಬಂದು ಚಕ್ರಕ್ಕೆ ಒತ್ತುತ್ತದೆ, ಅಷ್ಟೇ ತಂತ್ರ. ಮೊದಲ ವಾರ ಚೆನ್ನಾಗಿಯೇ ಇತ್ತು. ಆಮೇಲೆ ಅರ್ಧ ಗಂಟೆ ಆಗುವಷ್ಟರಲ್ಲಿ ಪ್ಯಾಡ್ ಬಿಸಿಯಾಗಿ ಸುಟ್ಟ ಬಟ್ಟೆಯ ವಾಸನೆ ಶುರುವಾಯಿತು. ಬೆವರು ಬಿದ್ದ ದಿನ ಒಂದು ಸುತ್ತು ಜಾರುತ್ತೆ, ಇನ್ನೊಂದು ಸುತ್ತು ಹಿಡಿಯುತ್ತೆ. ಚಕ್ರದ ಕೆಳಗೆ ದಿನಾ ಬೂದು ಬಣ್ಣದ ನೂಲಿನ ಪುಡಿ. ಸಿಲಿಕಾನ್ ಸ್ಪ್ರೇ ಹೊಡೆದೆ, ಎರಡು ದಿನ ಸುಮ್ಮನಿತ್ತು, ಮತ್ತೆ ಅದೇ ಕಥೆ.

ಸದ್ದು ಬೇರೆ. ನಾನಿರೋದು ಮೇಲಿನ ಮನೆ, ಕೆಳಗೆ ಓನರ್ ಅಜ್ಜಿ. ಮೂರನೇ ದಿನವೇ ಮೆಟ್ಟಿಲ ಹತ್ತಿರ ನಿಲ್ಲಿಸಿ ಕೇಳಿದರು, "ಮುಂಜಾನಿ ಮುಂಜಾನಿ ಏನ್ ಬೀಸ್ತಿಯಪ್ಪಾ, ಜ್ವಾಳ ಏನು?" ಆ ಮೇಲೆ ನಾನೂ ನೆಲದ ಮೇಲೆ ಒಂದು ಸ್ಟೀಲ್ ಲೋಟದಲ್ಲಿ ನೀರಿಟ್ಟು ನೋಡತೊಡಗಿದೆ. ಈ ಸೈಕಲ್ ತುಳಿದರೆ ನೀರಿನ ಮೇಲೆ ಉಂಗುರ ಉಂಗುರ. ಕೆಳಗೆ ದಪ್ಪ ರಬ್ಬರ್ ಶೀಟ್ ಹಾಸಿದ ಮೇಲೂ ಪೂರ್ತಿ ನಿಲ್ಲಲಿಲ್ಲ.

ಇದರ ಡಿಸ್‌ಪ್ಲೇ ಬಗ್ಗೆ ಒಂದು ಮಾತು. ನಾಬ್ ಪೂರ್ತಿ ಸಡಿಲ ಬಿಟ್ಟು ಜೋರಾಗಿ ತುಳಿದೆ, ಗಂಟೆಗೆ 40 ಕಿಲೋಮೀಟರ್ ಅಂತ ತೋರಿಸಿತು. ನಾಬ್ ಬಿಗಿ ಮಾಡಿ ಉಸಿರು ಬಿಡುತ್ತಾ ತುಳಿದರೆ 22! ಅದು ಲೆಕ್ಕ ಹಾಕೋದು ಸುತ್ತು ಮಾತ್ರ, ನಿಮ್ಮ ಕಷ್ಟ ಅದಕ್ಕೆ ಗೊತ್ತಾಗಲ್ಲ. ಕ್ಯಾಲೊರಿ ಅಂತ ತೋರಿಸೋದೂ ಅಂದಾಜೇ. ನಾನು ಎದೆಗೆ ಹಾರ್ಟ್‌ರೇಟ್ ಪಟ್ಟಿ ಕಟ್ಟಿಕೊಂಡು ಅದನ್ನೇ ನಂಬಿದೆ.

ಎರಡನೆಯದು ಟ್ರೈನರ್ ಸ್ಟ್ಯಾಂಡ್. ಇದು ಸ್ಪಿನ್ ಬೈಕೇ ಅಲ್ಲ. ನಮ್ಮ ಸೈಕಲ್ಲಿನ ಹಿಂದಿನ ಚಕ್ರವನ್ನು ಹಿಡಿದು ಎತ್ತಿ, ಟೈರಿಗೆ ಒಂದು ರೋಲರ್ ಒತ್ತಿಸುವ ಸ್ಟ್ಯಾಂಡ್. ನಿಜ ಹೇಳಬೇಕೆಂದರೆ ಮೈಗೆ ಹೊಂದಿದ್ದು ಇದೇ. ಅದೇ ಸೀಟು, ಅದೇ ಹ್ಯಾಂಡಲ್, ಅದೇ ಗೇರ್. ತುಳಿಯೋದು ನಿಲ್ಲಿಸಿದರೆ ಕಾಲು ನಿಲ್ಲುತ್ತದೆ. ಸ್ಪಿನ್ ಬೈಕಿನಲ್ಲಿ ಹಾಗಲ್ಲ, ಚಕ್ರ ತಿರುಗುವವರೆಗೂ ಪೆಡಲ್ ತಿರುಗುತ್ತಲೇ ಇರುತ್ತೆ. ರೋಡಿನ ಅಭ್ಯಾಸದಲ್ಲಿ ಕಾಲು ನಿಲ್ಲಿಸಲು ಹೋಗಿ ಮೊದಲ ದಿನ ಮಂಡಿ ಝಾಡಿಸಿಕೊಂಡವನು ನಾನು. ಸ್ಪಿನ್ ಬೈಕಿನಲ್ಲಿ ಸಾಮಾನ್ಯವಾಗಿ ನಾಬನ್ನೇ ಕೆಳಗೆ ಒತ್ತಿದರೆ ಬ್ರೇಕ್. ಹತ್ತುವ ಮೊದಲೇ ಅದನ್ನು ನೋಡಿಟ್ಟುಕೊಳ್ಳಿ.

ಆದರೆ ಸ್ಟ್ಯಾಂಡ್ ನನಗೆ ಒಗ್ಗಲಿಲ್ಲ. ಶನಿವಾರ ರಾತ್ರಿ ಸೈಕಲ್ ಬಿಚ್ಚಬೇಕು, ಸೋಮವಾರ ಮತ್ತೆ ಸಿಕ್ಕಿಸಬೇಕು. ರೋಲರಿಗೆ ಉಜ್ಜಿ ಉಜ್ಜಿ ಹಿಂದಿನ ಟೈರಿನ ನಡು ಚಪ್ಪಟೆಯಾಯಿತು. ಅದಕ್ಕೆಂದೇ ಬೇರೆ ಗಟ್ಟಿ ಟೈರ್ ಸಿಗುತ್ತೆ, ಹಾಕಿದರೆ ವಾರಕ್ಕೆರಡು ಸಲ ಟೈರ್ ಬದಲಿಸುವ ಕೆಲಸ. ಬೆವರು ನೇರವಾಗಿ ಹ್ಯಾಂಡಲ್ ಬುಡದ ಬೋಲ್ಟ್ ಮೇಲೆ ಬೀಳುತ್ತೆ. ಟವೆಲ್ ಹಾಸಿದ್ದೆ, ಆದರೂ ಒಂದು ಬೋಲ್ಟಿಗೆ ತುಕ್ಕು ಬಂತು. ಗೇರ್ ಏರಿಸಿದಂತೆ ಸದ್ದೂ ಏರುತ್ತೆ, ಕೆಳಗೆ ಅಜ್ಜಿ ಇದ್ದೇ ಇದ್ದಾರಲ್ಲ.

ಮೂರನೆಯದು ಮ್ಯಾಗ್ನೆಟಿಕ್ ಸ್ಪಿನ್ ಬೈಕ್, ಚೈನಿನ ಬದಲು ಬೆಲ್ಟಿನದು. ಗಾಂಧಿನಗರದಲ್ಲಿರುವ ನಮ್ಮ ಚಿಕ್ಕಪ್ಪನ ಮನೆಯಲ್ಲಿತ್ತು, ಹತ್ತು ದಿನ ಅಲ್ಲಿಗೇ ಹೋಗಿ ತುಳಿದೆ. ಇಲ್ಲಿ ಯಾವುದೂ ಚಕ್ರವನ್ನು ಮುಟ್ಟಲ್ಲ. ತಿರುಗುವ ಲೋಹದ ಹತ್ತಿರ ಅಯಸ್ಕಾಂತ ಬಂದರೆ ಲೋಹದೊಳಗೇ ಸುಳಿ ಸುಳಿಯಾಗಿ ಕರೆಂಟ್ ಹುಟ್ಟಿ, ಅದೇ ಚಕ್ರವನ್ನು ಹಿಡಿದೆಳೆಯುತ್ತದೆ. ಉಜ್ಜಿ ಸವೆಯುವ ಪ್ಯಾಡ್ ಇಲ್ಲ, ವಾಸನೆ ಇಲ್ಲ. ಲೋಟದ ನೀರು ಅಲ್ಲಾಡಲಿಲ್ಲ. ಕೇಳಿಸಿದ್ದು ನನ್ನ ಉಸಿರು ಮತ್ತು ಫ್ಯಾನು.

ಇದರ ಫ್ಲೈವೀಲ್ ಬರೀ 8 ಕೆ.ಜಿ. ಅಂಗಡಿಯವರು ತೂಕ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂತಾರೆ. ಪೂರ್ತಿ ಸುಳ್ಳಲ್ಲ, ಆದರೆ ಅರ್ಧ ಮಾತು. ಅದೇ ಅಳತೆಯ ಚಕ್ರದ ತೂಕ ಎರಡು ಪಟ್ಟಾದರೆ ಅದರಲ್ಲಿ ತುಂಬುವ ಶಕ್ತಿ ಎರಡು ಪಟ್ಟು. ತಿರುಗುವ ವೇಗ ಎರಡು ಪಟ್ಟಾದರೆ ನಾಲ್ಕು ಪಟ್ಟು. ಈ ಸೈಕಲ್ಲಿನ ಹಗುರ ಚಕ್ರ ಜೋರಾಗಿ ತಿರುಗುತ್ತಿತ್ತು, ಹಾಗಾಗಿ ಪೆಡಲ್ ನಿಮಿಷಕ್ಕೆ 85 ಸುತ್ತು ತುಳಿದಾಗ 13 ಕೆ.ಜಿ.ಯದ್ದಕ್ಕಿಂತ ನಯವಾಗಿತ್ತು. ನಿಧಾನಕ್ಕೆ, ಏರು ಹತ್ತುವ ಹಾಗೆ 60ರಲ್ಲಿ ತುಳಿದರೆ ಮಾತ್ರ ಕಾಲಿಗೆ ಸ್ವಲ್ಪ ತಡೆ ತಡೆದು ಬರುತ್ತೆ. ಆ ಕೊರತೆ ಇದ್ದೇ ಇದೆ. ಸಂಡೂರಿನ ಏರುಗಳಿಗೆ ಭಾನುವಾರ ಹೇಗೂ ಹೋಗ್ತೀನಲ್ಲ ಅಂತ ಸಮಾಧಾನ ಮಾಡಿಕೊಂಡೆ.

ಕೊನೆಗೆ ಅಂಥದ್ದೇ ಒಂದು ಮ್ಯಾಗ್ನೆಟಿಕ್ ಕೊಂಡೆ. ವಾರಪೂರ್ತಿ ಗೇರ್ ಬದಲಿಸಿ ಪ್ರಾಕ್ಟೀಸ್ ಮಾಡುವವರು, ರೇಸಿಗೆ ಹೋಗುವವರು, ಮನೆಯಲ್ಲಿ ಇನ್ನೊಂದು ಹಳೇ ಸೈಕಲ್ ಇರುವವರು ಸ್ಟ್ಯಾಂಡೇ ತಗೊಳ್ಳಿ. ಫೆಲ್ಟ್ ಪ್ಯಾಡಿನದು ಬೇಡ. ಅಗ್ಗಕ್ಕೆ ಸಿಕ್ಕಿದರೂ ಮೇಲಿನ ಮನೆಗಂತೂ ಬೇಡ.

ಜೋಡಿಸುವಾಗ ಒಂದು ಎಡವಟ್ಟು ಮಾಡಿಕೊಂಡೆ. ಎಡಗಡೆ ಪೆಡಲಿನ ಥ್ರೆಡ್ ಉಲ್ಟಾ ಇರುತ್ತೆ. ಸೈಕಲ್ಲಿನವನಿಗೆ ಇದು ಗೊತ್ತಿರಬೇಕು, ಅಲ್ವಾ? ನಿದ್ದೆಗಣ್ಣಲ್ಲಿ ಪಾನಾ ಹಾಕಿ ತಿರುಗಿಸಿ, ಪೆಡಲ್ ಕೂರುವ ಕ್ರ್ಯಾಂಕಿನ ಥ್ರೆಡ್ಡೇ ಕಿತ್ತು ಬಂತು. ಕ್ರ್ಯಾಂಕ್ ಬರಲು ಒಂಬತ್ತು ದಿನ ಕಾದೆ. ಬಂದ ಮೇಲೆ ಕಂಪನಿಯ ದಪ್ಪ ಸೀಟು ತೆಗೆದು ನನ್ನ ಹಳೇ ಸೀಟು ಹಾಕಿದೆ. ರೋಡ್ ಸೈಕಲ್ಲಿನಲ್ಲಿ ಕ್ರ್ಯಾಂಕ್ ನಡುವಿನಿಂದ ಸೀಟಿನವರೆಗೆ ಟೇಪಿನಲ್ಲಿ ಅಳೆದು, ಅಷ್ಟೇ ಎತ್ತರಕ್ಕೆ ಇಲ್ಲೂ ನಿಲ್ಲಿಸಿ, ಸ್ಕೆಚ್ ಪೆನ್ನಿನಲ್ಲಿ ಗೆರೆ ಎಳೆದಿದ್ದೀನಿ.

ಅಯಸ್ಕಾಂತಕ್ಕೆ ಮನೆ ಕರೆಂಟು ಬೇಡ, ಡಿಸ್‌ಪ್ಲೇಗೆ ಎರಡು ಸೆಲ್ ಸಾಕು. ಕರೆಂಟ್ ಹೋದರೆ ನಿಲ್ಲೋದು ಫ್ಯಾನು. ಹೊರಗೆ ಚಳಿ ಇದ್ದರೂ ಹತ್ತೇ ನಿಮಿಷಕ್ಕೆ ಬೆವರು ಗಲ್ಲದಿಂದ ತೊಟ್ಟಿಕ್ಕುತ್ತೆ, ಕಿಟಕಿ ತೆಗೀಲೇಬೇಕು. ತೆಗೆದರೆ ಯಾವ ಧೂಳಿಗೆ ಹೆದರಿ ಒಳಗೆ ಕೂತೆನೋ ಅದೇ ಧೂಳು ಒಳಗೆ ಬರುತ್ತೆ. ಶನಿವಾರದ ಹೊತ್ತಿಗೆ ಬೆಲ್ಟಿನ ಕವರ್ ಮೇಲೆ ಬೆರಳಲ್ಲಿ ಹೆಸರು ಬರೆಯಬಹುದು.