ಕಲಬುರಗಿಯಲ್ಲೊಂದು ಪ್ರಥಮ ಸ್ಪಂದಕರ ತರಬೇತಿ: ಕೈಗೆ ಬಂದದ್ದು, ಬಾಯಿಗೆ ಬಾರದ್ದು

ಕಳೆದ ಬೇಸಿಗೆಯಲ್ಲಿ, ನಾನು ಲೆಕ್ಕ ಬರೆಯುವ ದಾಲ್ ಮಿಲ್‌ನಲ್ಲಿ ಹಮಾಲರೊಬ್ಬರು ತೊಗರಿ ಚೀಲ ಇಳಿಸುತ್ತಿದ್ದಂತೆಯೇ ಕುಸಿದುಬಿದ್ದರು. ನೆರೆದವರಲ್ಲಿ ಒಬ್ಬರು ಎಚ್ಚರವಿಲ್ಲದ ಬಾಯಿಗೆ ನೀರು ಹೊಯ್ದರು, ಇನ್ನೊಬ್ಬರು ಮೂಗಿಗೆ ಉಳ್ಳಾಗಡ್ಡಿ ಹಿಡಿದರು, ನಾನು 108ಕ್ಕೆ ಫೋನ್ ಮಾಡಿ ಸುಮ್ಮನೆ ನಿಂತೆ. ಅವರು ಬದುಕಿಕೊಂಡರಾದರೂ, ಹಾಗೆ ನಿಂತಿದ್ದ ನಿಮಿಷಗಳು ನನ್ನನ್ನು ಬಿಡಲಿಲ್ಲ. ಹೀಗಾಗಿ ನಗರದ ಖಾಸಗಿ ಸಂಸ್ಥೆಯೊಂದು ನಡೆಸುವ, ತುರ್ತು ವೈದ್ಯಕೀಯ ಪ್ರಥಮ ಸ್ಪಂದಕರ (ಆಂಬುಲೆನ್ಸ್ ಬರುವವರೆಗೆ ನೆರವಾಗುವವರ) ಆರಂಭಿಕ ತರಬೇತಿಗೆ ಸೇರಿದೆ. ನಾಲ್ಕು ವಾರಾಂತ್ಯಗಳಲ್ಲಿ ಒಟ್ಟು ಎಂಟು ದಿನ. ಶುಲ್ಕ 4,500 ರೂಪಾಯಿ.

ಮೊದಲ ಎರಡು ದಿನಗಳಿಗಾಗಿಯೇ ಅಷ್ಟು ಹಣ ಕೊಟ್ಟರೂ ನಷ್ಟವಿಲ್ಲ ಎನ್ನುವಷ್ಟು ಚೆನ್ನಾಗಿ ಸಿಪಿಆರ್ (ಹೃದಯ ನಿಂತವರ ಎದೆ ಒತ್ತಿ, ಉಸಿರು ಕೊಡುವ ಕ್ರಮ) ಕಲಿಸಿದರು. ಅಂಗೈಯ ಬುಡವನ್ನು ಎದೆಮೂಳೆಯ ಕೆಳ ಅರ್ಧದ ಮೇಲಿಟ್ಟು, ಮೊಣಕೈ ಮಡಚದೆ, ಐದರಿಂದ ಆರು ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಬಾರಿ ಒತ್ತಬೇಕು ಎಂಬುದನ್ನು ಯಾರಾದರೂ ಓದಿ ಹೇಳಬಲ್ಲರು. ಆದರೆ ಒತ್ತಿದ ಎದೆ ಪೂರ್ತಿ ಮೇಲೆ ಬರುವ ಮೊದಲೇ ಮತ್ತೆ ಒತ್ತುವ ತಪ್ಪನ್ನು ನಾನು ಮಾಡುತ್ತಿದ್ದೇನೆಂದು ತಿಳಿದದ್ದು, ಅಭ್ಯಾಸದ ಬೊಂಬೆಯ ಒಳಗಿಂದ, ಆಳ ಸರಿಯಿದೆಯೆಂದು ಸೂಚಿಸುವ 'ಟಕ್' ಸದ್ದು ಸರಿಯಾಗಿ ಬಂದರೂ ಶಿಕ್ಷಕಿ ನನ್ನ ಹೆಗಲು ಹಿಡಿದು ಮೇಲಕ್ಕೆಳೆದಾಗ. ಹಿರಿಯ ನರ್ಸ್ ಆಗಿದ್ದ ಅವರು ಮೊಬೈಲಿನಲ್ಲಿ ನಿಮಿಷಕ್ಕೆ 110ರ ತಾಳ ಹಚ್ಚಿಟ್ಟು ನಮ್ಮನ್ನು ದುಡಿಸಿದರು. ಎರಡನೇ ನಿಮಿಷ ಮುಗಿಯುವಷ್ಟರಲ್ಲಿ ನನ್ನ ತಾಳ ತಪ್ಪಿತ್ತು, ಬೆವರು ಬೊಂಬೆಯ ಮುಖದ ಮೇಲೆ ಬೀಳುತ್ತಿತ್ತು. ಎರಡು ನಿಮಿಷಕ್ಕೊಮ್ಮೆ ಒತ್ತುವವರನ್ನು ಬದಲಿಸಬೇಕೆಂಬ ನಿಯಮ ಏಕಿದೆಯೆಂದು ಆಗ ಅರ್ಥವಾಯಿತು. ನಮ್ಮೂರಿನಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ ಶಾಖೆಯೇ ಇರಬಹುದು, ಆದರೆ ನಿಂತ ಹೃದಯ ಅಲ್ಲಿಗೆ ತಲುಪುವವರೆಗೂ ಯಾರದಾದರೂ ಕೈ ಅದರ ಕೆಲಸ ಮಾಡುತ್ತಲೇ ಇರಬೇಕು.

ಕೊರತೆಯೂ ಇಲ್ಲಿಯೇ ಇದೆ. ಇಪ್ಪತ್ತನಾಲ್ಕು ಜನರಿಗೆ ಎರಡೇ ಬೊಂಬೆಗಳು. ಅವುಗಳಲ್ಲಿ ಒಂದರ ಶ್ವಾಸಕೋಶದ ಚೀಲ ಹರಿದಿದ್ದರಿಂದ, ಮೂವತ್ತು ಒತ್ತುಗಳ ನಂತರ ಕೊಡುವ ಎರಡು ಉಸಿರಿಗೆ ಎದೆ ಏರಿತೋ ಇಲ್ಲವೋ ಕಾಣಿಸುತ್ತಿರಲಿಲ್ಲ. ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಎಇಡಿ ಯಂತ್ರವನ್ನು ವಿಡಿಯೊದಲ್ಲಷ್ಟೇ ತೋರಿಸಿದರು.

ಪಠ್ಯಕ್ರಮ ಎಲ್ಲಿಂದಲೋ ಎತ್ತಿ ತಂದದ್ದು ಎಂಬುದು ಮೂರನೇ ವಾರ ಸ್ಪಷ್ಟವಾಯಿತು. ಹಿಮಗಡಿತಕ್ಕೆ (ಅತಿ ಚಳಿಗೆ ಮೈ ಹೆಪ್ಪುಗಟ್ಟುವುದಕ್ಕೆ) ಸುಮಾರು ಒಂದು ಗಂಟೆ ಮೀಸಲಾಗಿತ್ತು, ಬಿಸಿಲಾಘಾತಕ್ಕೆ ಹತ್ತು ನಿಮಿಷ! ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಊರಿನಲ್ಲಿ, ಶಹಾಬಾದಿನ ಪರಸಿ ಕಲ್ಲಿನ ಗಣಿಗಳಲ್ಲೂ ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲೂ ದುಡಿಯುವ ಹುಡುಗರು ಕುಳಿತಿದ್ದ ತರಗತಿಯಲ್ಲಿ ಇದು ನಗೆಪಾಟಲು. ನಾವು ಕೇಳಿದ ಮೇಲೆ, ಮೈ ಸುಡುತ್ತಿದ್ದು ಮಾತು ತೊದಲುತ್ತಿದ್ದರೆ ಮೊದಲು ನೆರಳಿಗೆ ತಂದು ಮೈಗೆಲ್ಲ ನೀರು ಸುರಿದು ಗಾಳಿ ಹಾಕಬೇಕು, ಆಂಬುಲೆನ್ಸ್ ಬರುವವರೆಗೂ ತಂಪು ಮಾಡುವುದನ್ನು ನಿಲ್ಲಿಸಬಾರದು, ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು ಎಂದು ಶಿಕ್ಷಕಿ ಬಿಡಿಸಿ ಹೇಳಿದರು. ನಮ್ಮ ಮಿಲ್‌ನಲ್ಲಿ ಅಂದು ನಡೆದದ್ದು ಇದಕ್ಕೆ ತದ್ವಿರುದ್ಧ. ಹಾವು ಕಡಿತದ ಪಾಠವೂ ಹೀಗೆಯೇ ಕೇಳಿ ಪಡೆದದ್ದು. ಕಡಿದ ಜಾಗವನ್ನು ಕೊಯ್ಯಬಾರದು, ಹಗ್ಗ ಬಿಗಿಯಬಾರದು, ಕಾಲಿಗೆ ದಬ್ಬೆ ಕಟ್ಟಿ ಅಲುಗಾಡದಂತೆ ಒಯ್ಯಬೇಕು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೂ ಒಂದೇ ಪ್ರತಿವಿಷ ಇರುವುದರಿಂದ ಹಾವನ್ನು ಕೊಂದು ಚೀಲದಲ್ಲಿ ತರಬೇಕಿಲ್ಲ. ತೊಗರಿ ರಾಶಿಗೆ ಹೋಗುವವರಿಗೆ ಇದಕ್ಕಿಂತ ಬೇಕಾದ ಪಾಠ ಇನ್ನೊಂದಿಲ್ಲ.

ನನ್ನ ದೊಡ್ಡ ತಕರಾರು ಭಾಷೆಯದು. ಕೈಪಿಡಿ ಪೂರ್ತಿ ಇಂಗ್ಲಿಷಿನಲ್ಲಿದೆ. ರೋಗಿಯ ಹಿನ್ನೆಲೆ ಕೇಳುವುದಕ್ಕೆ 'ಸ್ಯಾಂಪಲ್' (SAMPLE) ಎಂಬ ಆರು ಇಂಗ್ಲಿಷ್ ಅಕ್ಷರಗಳ ಸೂತ್ರವಿದೆ: ಲಕ್ಷಣ, ಅಲರ್ಜಿ, ಔಷಧಿ, ಹಳೆಯ ಕಾಯಿಲೆ, ಕೊನೆಯ ಊಟ, ಘಟನೆ. ಎಲ್ಲರೂ ಅದನ್ನು ಬಾಯಿಪಾಠ ಮಾಡಿದೆವು. ಅಣಕು ಪ್ರಯೋಗದ ದಿನ ಸಹಪಾಠಿಯೊಬ್ಬನು ರೋಗಿಯಾಗಿ ಮಲಗಿ "ಎದ್ಯಾಗ ಬ್ಯಾನಿ ಆಗ್ಲಿಕತ್ತದ" ಎಂದು ನರಳಿದಾಗ, ಎದುರಿಗಿದ್ದ ಹುಡುಗಿ ಅಲರ್ಜಿಯನ್ನು ಹೇಗೆ ಕೇಳಬೇಕೆಂದು ತೋಚದೆ ಅಕ್ಷರಗಳನ್ನೇ ಎಣಿಸುತ್ತ ಕುಳಿತಳು. "ಯಾವ ಗುಳಿಗಿ ತಗೋತೀರಿ? ಯಾವುದರೆ ಗುಳಿಗಿ ತಗೊಂಡಾಗ ಮೈಮ್ಯಾಲೆ ಗಂಧಿ ಎದ್ದಿದ್ವೇನು?" ಎಂದು ಕೇಳಿದ್ದರೆ ಸಾಕಿತ್ತು. ದಖ್ಖನಿ ಉರ್ದು ಆಡುವ ಓಣಿಗಳಿಗೂ ಇಂಥದೇ ನಾಲ್ಕು ಪ್ರಶ್ನೆಗಳು ಸಿದ್ಧವಿರಬೇಕು.

ಕಾನೂನಿನ ಭಾಗ ಚಿಕ್ಕದು, ಆದರೆ ಉಪಯುಕ್ತ: ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಸೇರಿದ 134ಎ ಕಲಮಿನ ಪ್ರಕಾರ, ಅಪಘಾತದಲ್ಲಿ ಗಾಯಗೊಂಡವರಿಗೆ ಸದುದ್ದೇಶದಿಂದ ನೆರವಾದವರ ಮೇಲೆ ಮೊಕದ್ದಮೆ ಹೂಡುವಂತಿಲ್ಲ. ಇನ್ನು, ಪ್ರಮಾಣಪತ್ರ ಹಿಡಿದು ಆಂಬುಲೆನ್ಸ್ ನೌಕರಿ ಹುಡುಕಲು ಹೊರಟವರು ನಿರಾಶರಾಗುವುದು ಖಚಿತ; ಆ ಹುದ್ದೆಗಳಿಗೆ ತಿಂಗಳುಗಟ್ಟಲೆಯ ಬೇರೆ ತರಬೇತಿ ಬೇಕು, ಇದನ್ನು ಸಂಸ್ಥೆಯವರು ಸೇರಿಸಿಕೊಳ್ಳುವಾಗಲೇ ಹೇಳಬೇಕಿತ್ತು. ಸೇರುವವರು ಬೊಂಬೆಯ ಮೇಲೆ ತಮಗೆಷ್ಟು ನಿಮಿಷ ಸಿಗುತ್ತದೆಂದು ಮೊದಲೇ ಕೇಳಿಕೊಳ್ಳಲಿ.

ಕೊನೆಯ ದಿನ ಆ ಆರು ಪ್ರಶ್ನೆಗಳನ್ನು ನಮ್ಮ ಭಾಗದ ಆಡುಮಾತಿನಲ್ಲಿ ಒಂದು ಹಾಳೆಯ ಮೇಲೆ ಬರೆದು ಕಚೇರಿಗೆ ಕೊಟ್ಟುಬಂದೆ. ಮುಂದಿನ ತಂಡಕ್ಕೆ ಹಂಚುವುದಾಗಿ ಒಪ್ಪಿಕೊಂಡರು. ವಾರದ ನಂತರ ಅಚ್ಚಾದ ಪ್ರತಿಯನ್ನು ನೋಡಿದರೆ, 'ಬ್ಯಾನಿ' ಹೋಗಿ 'ವೇದನೆ' ಬಂದಿತ್ತು.