ಟ್ರಾನ್ಸ್‌ಪ್ಲಾಂಟ್‌ಗೆ ಮುಂಚಿನ ತಯಾರಿ: ನರ್ಸಿಗೆ ಐದು ಸ್ಟಾರ್, ಫೈಲಿಗೆ ಎರಡು

ನನಗೆ ಮಲ್ಟಿಪಲ್ ಮೈಲೋಮಾ, ಅಂದ್ರೆ ಬೋನ್ ಮ್ಯಾರೋದಲ್ಲಿ (ಮೂಳೆಯೊಳಗಿನ ಮಜ್ಜೆ) ಬರೋ ಒಂದು ರಕ್ತದ ಕ್ಯಾನ್ಸರ್. ನನ್ನದೇ ಸ್ಟೆಮ್ ಸೆಲ್ (ರಕ್ತಕಣ ಹುಟ್ಟಿಸೋ ಮೂಲ ಕಣ) ತೆಗೆದಿಟ್ಟು, ಹೈ ಡೋಸ್ ಕೀಮೋ ಆದ್ಮೇಲೆ ವಾಪಸ್ ಹಾಕಿ ಈಗ ಐದನೇ ತಿಂಗಳು ನಡೀತಿದೆ. ಆಸ್ಪತ್ರೆ ಹೆಸರು ಬರೆಯಲ್ಲ, ಟ್ರೀಟ್‌ಮೆಂಟ್ ಬಗ್ಗೆ ದೂರೂ ಇಲ್ಲ. ಅಡ್ಮಿಟ್ ಆಗೋಕೆ ಮುಂಚಿನ ವಾರಗಳಲ್ಲಿ ನಮ್ಮನ್ನ ಹೇಗೆ ರೆಡಿ ಮಾಡಿದ್ರು ಅನ್ನೋದಷ್ಟೇ ಈ ರಿವ್ಯೂ.

ಕೌನ್ಸೆಲಿಂಗ್ ಅಂತ ಕರೆದು ಹತ್ತು ನಿಮಿಷ ಮಾತಾಡಿ ಕೈಗೊಂದು ದಪ್ಪ ಫೈಲ್ ಇಟ್ರು. ಅದರಲ್ಲಿ ಎಲ್ಲಾ ಇದೆ ನಿಜ, ಆದ್ರೆ ಯಾವ್ದು ಮೊದ್ಲು ಯಾವ್ದು ಆಮೇಲೆ ಅಂತ ಮಾತ್ರ ಇಲ್ಲ. ಹಾರ್ಟಿಗೆ ಎಕೋ, ಉಸಿರು ಊದಿಸೋ ಲಂಗ್ಸ್ ಟೆಸ್ಟ್, ಕಿಡ್ನಿ, ಹೆಪಟೈಟಿಸ್, ಇನ್ನೊಂದ್ಸಲ ಬೋನ್ ಮ್ಯಾರೋ, ಇವೆಲ್ಲ ಓಡಾಡಿ ಮುಗಿಸಿದ್ವಿ. ಹದಿನಾಲ್ಕನೇ ಪುಟದ ಕೆಳಗಡೆ ಒಂದೇ ಸಾಲು, 'ಡೆಂಟಲ್ ಕ್ಲಿಯರೆನ್ಸ್'. ಹಲ್ಲು ತಾನೆ, ನೋವೇನಿಲ್ವಲ್ಲ ಅಂತ ಕೊನೇ ವಾರಕ್ಕೆ ಬಿಟ್ಟೆ. ಎಕ್ಸ್‌ರೇಲಿ ನೋಡಿದ್ರೆ ದವಡೆ ಹಲ್ಲಿನ ಬುಡದಲ್ಲಿ ಕೀವು! ಕೀಳಿಸಿ ಗಾಯ ಒಣಗೋವರೆಗೂ ಅಡ್ಮಿಷನ್ ಎರಡು ವಾರ ಮುಂದಕ್ಕೆ ಹೋಯ್ತು. ಹೈ ಡೋಸ್ ಕೀಮೋ ಆದ್ಮೇಲೆ ಬಿಳಿ ರಕ್ತಕಣ ಹೆಚ್ಚುಕಮ್ಮಿ ಸೊನ್ನೆಗೆ ಬಂದು ನಿಲ್ಲುತ್ತೆ, ಆಗ ಬಾಯಲ್ಲಿ ಅಡಗಿರೋ ಚಿಕ್ಕ ಇನ್‌ಫೆಕ್ಷನ್ ರಕ್ತಕ್ಕಿಳಿದ್ರೆ ಜೀವಕ್ಕೇ ಕುತ್ತು. ಈ ಒಂದು ಮಾತನ್ನ ಮೊದಲ ದಿನ ಬಾಯಿಬಿಟ್ಟು ಹೇಳಿದ್ದಿದ್ರೆ ನಾನು ಮೊದ್ಲು ಹಲ್ಲಿನ ಡಾಕ್ಟ್ರ ಹತ್ರಾನೇ ಓಡ್ತಿದ್ದೆ.

ಈಗ ಐದು ಸ್ಟಾರ್ ಭಾಗಕ್ಕೆ ಬರ್ತೀನಿ, ಸೆಲ್ ಕಲೆಕ್ಷನ್ ಯೂನಿಟ್. ಮ್ಯಾರೋದಲ್ಲಿರೋ ಸ್ಟೆಮ್ ಸೆಲ್‌ಗಳು ರಕ್ತಕ್ಕೆ ಬರಲಿ ಅಂತ ನಾಲ್ಕು ದಿನ ಜಿಸಿಎಸ್ಎಫ್ ಇಂಜೆಕ್ಷನ್ ಕೊಡ್ತಾರೆ. ಮೂರನೇ ದಿನ ಸೊಂಟ, ಎದೆಮೂಳೆ ಒಳಗಿಂದ ಯಾರೋ ಗುದ್ದಿದ ಹಾಗೆ ನೋವು, ಸೀನೋಕೂ ಭಯ. ಅಲ್ಲಿನ ನರ್ಸ್ ಮುಂಚೇನೇ ಹೇಳಿದ್ರು, ಇದು ಕಾಯಿಲೆ ಜಾಸ್ತಿ ಆಗಿದ್ದಲ್ಲ, ಮ್ಯಾರೋ ಓವರ್‌ಟೈಮ್ ಮಾಡ್ತಿರೋದು, ಆದ್ರೆ ನೋವಿನ ಮಾತ್ರೆ ನುಂಗೋಕೆ ಮುಂಚೆ ಜ್ವರ ಇದ್ಯಾ ನೋಡ್ಕೊಳ್ಳಿ, ಪ್ಯಾರಸಿಟಮಾಲ್ ಜ್ವರನ ಮುಚ್ಚಿಹಾಕುತ್ತೆ ಅಂತ. ರಕ್ತದಲ್ಲಿ ಸ್ಟೆಮ್ ಸೆಲ್ ಕೌಂಟ್ ಸಾಲ್ದು ಅಂದಾಗ ಅವತ್ತು ರಾತ್ರಿ ಪ್ಲೆರಿಕ್ಸಾಫೋರ್ ಅಂತ ಇನ್ನೊಂದು ಇಂಜೆಕ್ಷನ್ ಕೊಟ್ರು, ಬೆಳಿಗ್ಗೆ ಕೌಂಟ್ ಏರಿತ್ತು.

ಮಷೀನ್ ಪಕ್ಕ ನಾಲ್ಕೂವರೆ ಗಂಟೆ. ಒಂದು ಕೈಯಿಂದ ರಕ್ತ ಹೋಗಿ, ಮಷೀನ್‌ಲಿ ತಿರುಗಿ, ಸ್ಟೆಮ್ ಸೆಲ್ ಮಾತ್ರ ಸೋಸ್ಕೊಂಡು ಉಳಿದ ರಕ್ತ ಇನ್ನೊಂದು ಕೈಗೆ ವಾಪಸ್. ಎರಡೂ ಕೈ ಅಲ್ಲಾಡಿಸೋ ಹಾಗಿಲ್ಲ, ಮೂಗು ತುರಿಸಿದ್ರೆ ಪಾಪ ಆ ನರ್ಸೇ ಬಂದು ಟಿಶ್ಯೂಲಿ ಉಜ್ಜಬೇಕು, ಎರಡು ಸಲ ಉಜ್ಜಿದ್ರು, ಮೂರನೇ ಸಲ ಕೇಳೋಕೆ ನನಗೇ ನಾಚಿಕೆ ಆಯ್ತು. ತುಟಿ ಸುತ್ತ ಜುಮ್ ಜುಮ್ ಅಂದ್ರೆ ತಡ್ಕೋಬೇಡಿ ತಕ್ಷಣ ಹೇಳಿ ಅಂದಿದ್ರು. ರಕ್ತ ಹೆಪ್ಪುಗಟ್ಟದ ಹಾಗೆ ಹಾಕೋ ಸಿಟ್ರೇಟ್ ಮೈಯಲ್ಲಿರೋ ಕ್ಯಾಲ್ಸಿಯಂನ ಹಿಡ್ಕೊಳ್ಳುತ್ತಂತೆ. ಹೇಳಿದ ತಕ್ಷಣ ಕ್ಯಾಲ್ಸಿಯಂ ಕೊಟ್ರು, ಹತ್ತೇ ನಿಮಿಷಕ್ಕೆ ಸರಿಹೋಯ್ತು. ಕೆಜಿ ತೂಕಕ್ಕೆ ಕನಿಷ್ಠ 20 ಲಕ್ಷ ಸೆಲ್ ಬೇಕು, ನನಗೆ ಎರಡು ದಿನಕ್ಕೆ ಕೆಜಿಗೆ 46 ಲಕ್ಷ ಸಿಕ್ತು.

ಐಸ್ ವಿಷಯ ಹೇಳಿದ್ದೂ ಅವರೇ. ಮೆಲ್ಫಲಾನ್ (ಅದೇ ಆ ಹೈ ಡೋಸ್ ಕೀಮೋ) ಏರಿಸೋವಾಗ, ಅದಕ್ಕೆ ಸ್ವಲ್ಪ ಮುಂಚೆ, ಮುಗಿದ ಮೇಲೂ ಬಾಯಲ್ಲಿ ಐಸ್ ಇಟ್ಕೊಂಡೇ ಇದ್ರೆ ರಕ್ತನಾಳ ಕುಗ್ಗಿ ಔಷಧಿ ಅಲ್ಲಿಗೆ ಕಮ್ಮಿ ಹೋಗುತ್ತೆ, ಹುಣ್ಣು ಕಮ್ಮಿ ಆಗುತ್ತೆ. ಹಲ್ಲು ಜೋಮು ಹಿಡಿದು ಸಾಕಪ್ಪಾ ಸಾಕು ಅನ್ನಿಸಿತ್ತು, ಆದ್ರೂ ಬಿಡ್ಲಿಲ್ಲ, ನನಗೆ ಎರಡೇ ಹುಣ್ಣು ಆಗಿದ್ದು. ಇಷ್ಟು ಸುಲಭದ ವಿಷಯ ಅಷ್ಟು ದಪ್ಪ ಫೈಲಲ್ಲಿ ಎಲ್ಲೂ ಇಲ್ಲ, ಕೂದಲು ಮುಂಚೇನೇ ತೆಗೆಸಿಬಿಡಿ ಅಂತ ಮಾತ್ರ ಮೂರು ಕಡೆ ಇದೆ.

ಇನ್ನೊಂದು ಸಿಟ್ಟು. ಜೊತೆಗೆ ಯಾರಿರ್ತಾರೆ ಅಂತ ಕೇಳಿದ್ದು ಅಡ್ಮಿಟ್ ಆಗೋ ದಿನ! ಡಿಸ್ಚಾರ್ಜ್ ಆದ್ಮೇಲೂ ಕೆಲವು ವಾರ ಒಬ್ರು ಪೂರ್ತಿ ಜೊತೆಗಿರಬೇಕು, 100.4 ಡಿಗ್ರಿ ಜ್ವರ ಬಂದ್ರೆ ನಡುರಾತ್ರಿ ಆದ್ರೂ ಫೋನ್ ಮಾಡಿ ಕರ್ಕೊಂಡು ಹೋಗಬೇಕು, ಅಕ್ಕ ಅವತ್ತೇ ಆಫೀಸಿಗೆ ಫೋನ್ ಮಾಡಿ ರಜೆಗೆ ಪರದಾಡಿದ್ಲು. ಸೆಲ್ ವಾಪಸ್ ಹಾಕಿದ ದಿನ ನನ್ನ ರೂಮೆಲ್ಲಾ ಬೆಳ್ಳುಳ್ಳಿ ವಾಸನೆ, ಅಕ್ಕ ಗಾಬರಿಯಾಗಿ ಬೆಲ್ ಒತ್ತಿದ್ಲು. ಫ್ರೀಜ್ ಮಾಡೋಕೆ ಸೇರಿಸೋ ಡಿಎಂಎಸ್ಒ ಉಸಿರಲ್ಲಿ ಹೊರಗೆ ಬರೋದು ಅಷ್ಟೇ ಅಂತೆ, ಒಂದೆರಡು ದಿನಕ್ಕೆ ಹೋಯ್ತು. ಅದನ್ನೂ ಒಂದು ಸಾಲು ಬರೆದಿದ್ರೆ ಇವರ ಗಂಟೇನು ಹೋಗ್ತಿತ್ತು.

ಕಳೆದ ಚೆಕಪ್‌ಲಿ ಫೈಲ್ ತಗೊಂಡೋಗಿ ಹದಿನಾಲ್ಕನೇ ಪುಟ ತೆಗೆದು ತೋರಿಸಿ, ಇದನ್ನ ಮೊದಲ ಪುಟಕ್ಕೆ ತನ್ನಿ ಅಂದೆ. ಬರ್ಕೊಂಡ್ರು. ಹೊಸ ಫೈಲ್ ಕಣ್ಣಿಗೆ ಬಿದ್ದ ದಿನ ಸ್ಟಾರ್ ಬದಲಾಯಿಸ್ತೀನಿ.