ಡೈಮಂಡ್ ಕೌದಿಯ ಅಂಚಿಗೆ ತ್ರಿಕೋನ: ಈ ಅಕ್ರಿಲಿಕ್ ಸ್ಕೇಲು ಕೊಳ್ಳಬೇಕೆ?

ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಕಡೆಯ ಕೈಹೊಲಿಗೆ ಕೌದಿಗೆ ತ್ರಿಕೋನದ ಲೆಕ್ಕವೇ ಬೇಡ. ಹಳೇ ಸೀರೆಯ ಮೇಲೆ ತುಂಡು ಇಟ್ಟು, ಅಂಚು ಒಳಗೆ ಮಡಚಿ, ಸೂಜಿ ಓಡಿಸುತ್ತ ಹೋದರಾಯಿತು. ಮಷೀನಿನಲ್ಲಿ ಹೊಲಿಯುವವರು ಚೌಕಗಳನ್ನು ಡೈಮಂಡಿನಂತೆ ಮೂಲೆ ಮೇಲೆ ಮಾಡಿ ನಿಲ್ಲಿಸಿದಾಗ ಮಾತ್ರ ಅಂಚಿನಲ್ಲಿ ಸಂದು ಉಳಿಯುತ್ತದೆ. ಆ ಸಂದಿಗೆ ತ್ರಿಕೋನ ಕೂಡಿಸುವುದು ತಪ್ಪಿದರೆ ಕೌದಿಯ ಅಂಚು ಸುಟ್ಟ ಹಪ್ಪಳದಂತೆ ಏಳುತ್ತದೆ. ಈ ಕೆಲಸಕ್ಕೆಂದೇ ಆನ್‌ಲೈನಿನಲ್ಲಿ ತ್ರಿಕೋನಾಕಾರದ ಅಕ್ರಿಲಿಕ್ ಸ್ಕೇಲು ಮಾರುತ್ತಾರೆ.

ಅದರ ಒಂದು ಮೂಲೆ 90 ಡಿಗ್ರಿ, ಉಳಿದೆರಡು 45. ಅಡ್ಡಗೆರೆಗಳ ಮೇಲೆ ಹೊಲಿದು ಮುಗಿದ ಚೌಕದ ಅಳತೆ ಬರೆದಿರುತ್ತದೆ. ಬಟ್ಟೆಯನ್ನು ಉದ್ದ ಪಟ್ಟಿಯಾಗಿ ಕತ್ತರಿಸಿ, ಸ್ಕೇಲಿಟ್ಟು ಒಂದು ತ್ರಿಕೋನ, ಸ್ಕೇಲನ್ನು ತಲೆಕೆಳಗು ಮಾಡಿ ಇನ್ನೊಂದು. ಹೀಗೆ ಕತ್ತರಿಸಿದಾಗ ತ್ರಿಕೋನದ ಉದ್ದ ಬದಿ ಬಟ್ಟೆಯ ನೂಲಿನ ನೇರಕ್ಕೇ ಇರುತ್ತದೆ, ಕೌದಿಯ ಹೊರ ಅಂಚಾಗುವುದೂ ಅದೇ ಬದಿ. ಹೊಸಬರು ಚೌಕವನ್ನು ಕರ್ಣದ ಮೇಲೆ ಎರಡು ಮಾಡಿ ಅಂಚಿಗೆ ಕೂಡಿಸುತ್ತಾರೆ. ಆಗ ಉದ್ದ ಬದಿ ಕ್ರಾಸ್, ಅಂದರೆ ನೂಲಿಗೆ ಓರೆ ಆಗಿಬಿಡುತ್ತದೆ, ಇಸ್ತ್ರಿ ಪೆಟ್ಟಿಗೆ ತಾಗಿದರೆ ಸಾಕು ಎಳೆದುಕೊಳ್ಳುತ್ತದೆ. ಈ ಒಂದು ತಪ್ಪನ್ನು ಸ್ಕೇಲು ಖಂಡಿತ ತಪ್ಪಿಸುತ್ತದೆ.

ಆದರೆ ಬಟ್ಟೆ ಉಳಿಯುತ್ತದೆ ಎಂಬ ಜಾಹೀರಾತನ್ನು ಲೆಕ್ಕ ಹಾಕಿ ನೋಡಬೇಕು. 12 ಇಂಚಿನ ಚೌಕ, ಅಡ್ಡ 3, ಉದ್ದ 4 ಸಾಲಿನ ಕೌದಿಗೆ ಅಂಚಿನ ತ್ರಿಕೋನ 10, ಮೂಲೆಯವು 4 ಬೇಕು. ಸ್ಕೇಲಿಲ್ಲದ ಹಳೇ ದಾರಿಯಲ್ಲಿ 12ನ್ನು 1.414ರಿಂದ ಗುಣಿಸಿ 1¼ ಕೂಡಿಸಿದರೆ 18¼ ಇಂಚು. ಆ ಅಳತೆಯ ಚೌಕ ಕತ್ತರಿಸಿ ಎರಡೂ ಕರ್ಣಗಳ ಮೇಲೆ ಕೊಯ್ದರೆ ನಾಲ್ಕು ತ್ರಿಕೋನ, ಮೂರು ಚೌಕಕ್ಕೆ ಹನ್ನೆರಡು. ಪನ್ನ 44 ಇಂಚು ಇದ್ದರೆ ಉದ್ದದಲ್ಲಿ 36½ ಇಂಚು ಬಟ್ಟೆ ಸಾಕು, ಮೂಲೆಯ ತುಂಡುಗಳೂ ಅದರಲ್ಲೇ ಹೊರಡುತ್ತವೆ. ಸ್ಕೇಲಿನ ದಾರಿಯಲ್ಲಿ 9⅛ ಇಂಚಿನ ಒಂದು ಪಟ್ಟಿಗೆ ಮೂರೇ ತ್ರಿಕೋನ, ಅಂದರೆ ನಾಲ್ಕು ಪಟ್ಟಿ. ಅದೂ 36½ ಇಂಚೇ! ಮೇಲಾಗಿ ಮೂಲೆಗೆ ಬೇಕಾದ 9⅜ ಇಂಚಿನ ಚೌಕ ಉಳಿದ ಪಟ್ಟಿಯಲ್ಲಿ ಕೂರುವುದಿಲ್ಲ, ಎರಡು ಸೂತ (ಕಾಲು ಇಂಚು) ಕಡಿಮೆ ಬೀಳುತ್ತದೆ.

ಹಾಗಾದರೆ ಸ್ಕೇಲು ದಂಡವೇ? ಪಟ್ಟೆ ಬಟ್ಟೆ ಹಚ್ಚುವವರಿಗೆ ಅಲ್ಲ. ಪಟ್ಟೆಯ ಬಟ್ಟೆಯನ್ನು ಚೌಕ ಮಾಡಿ ನಾಲ್ಕಾಗಿ ಕೊಯ್ದರೆ ಎರಡು ತ್ರಿಕೋನದಲ್ಲಿ ಪಟ್ಟೆ ಅಂಚಿನುದ್ದಕ್ಕೆ ಓಡುತ್ತದೆ, ಇನ್ನೆರಡರಲ್ಲಿ ಅಂಚಿಗೆ ಅಡ್ಡ ನಿಲ್ಲುತ್ತದೆ. ಮುಗಿದ ಕೌದಿಯಲ್ಲಿ ಇದು ಕಣ್ಣಿಗೆ ಚುಚ್ಚುತ್ತದೆ. ಪಟ್ಟೆಯ ಗುಂಟ ಪಟ್ಟಿ ತೆಗೆದು ಸ್ಕೇಲಿನಿಂದ ಕತ್ತರಿಸಿದರೆ ಎಲ್ಲದರಲ್ಲೂ ಒಂದೇ ದಿಕ್ಕು. ಸೀರೆಯ ದಡಿಯನ್ನು ಹೊರ ಅಂಚಿಗೆ ಬರಿಸಬೇಕೆನ್ನುವವರು ಮಾತ್ರ ಎಲ್ಲ ತ್ರಿಕೋನವನ್ನೂ ಒಂದೇ ಮುಖವಾಗಿ ತೆಗೆಯಬೇಕು. ತಲೆಕೆಳಗು ಮಾಡಿದರೆ ದಡಿ ತುದಿಗೆ ಹೋಗುತ್ತದೆ. ಬರೀ ಸಾದಾ ಬಟ್ಟೆಯಾದರೆ 24 ಇಂಚಿನ ಸಾಮಾನ್ಯ ಸ್ಕೇಲಿನಲ್ಲಿ ಕೆಲಸ ಆಗುತ್ತದೆ, ರೊಕ್ಕ ಉಳಿಸಿ.

ಕೊಂಡರೆ ಮೊದಲು ಪರೀಕ್ಷಿಸಿ: 90 ಡಿಗ್ರಿ ಮೂಲೆಯಿಂದ 12 ಎಂದು ಬರೆದ ಗೆರೆಗೆ 9⅛ ಇಂಚಿಗಿಂತ ಕಡಿಮೆ ಇರಬಾರದು. ಹೆಚ್ಚಿದ್ದರೆ ಅಡ್ಡಿಯಿಲ್ಲ, ಆಮೇಲೆ ಕತ್ತರಿಸಿ ತೆಗೆಯಬಹುದು. ಮೂಲೆಯ ನಾಲ್ಕು ತ್ರಿಕೋನವನ್ನು ಇದೇ ರೀತಿ ಪಟ್ಟಿಯಿಂದ ತೆಗೆಯಬೇಡಿ, ಹೊರಗಿನ ಎರಡೂ ಬದಿ ಕ್ರಾಸ್ ಆಗುತ್ತವೆ. 12ನ್ನು 1.414ರಿಂದ ಭಾಗಿಸಿ ⅞ ಕೂಡಿಸಿದರೆ ಬರುವ 9⅜ ಇಂಚಿನ ಎರಡು ಚೌಕಗಳನ್ನು ಒಂದೊಂದೇ ಕರ್ಣದ ಮೇಲೆ ಕೊಯ್ಯಿರಿ.

ಹೊಲಿಗೆಯಲ್ಲಿ ಆಗುವ ತಪ್ಪಿಗೆ ಯಾವ ಸ್ಕೇಲೂ ಔಷಧವಲ್ಲ. ಹಳೇ ಸೀರೆಯ ಮೆತ್ತನೆ ಬಟ್ಟೆಗೆ ಕತ್ತರಿಸುವ ಮೊದಲೇ ಗಂಜಿ ಕೊಟ್ಟು ಒಣಗಿಸಿ. ಕತ್ತರಿಸಿದ ಮೇಲೆ ಕೊಟ್ಟರೆ ಒದ್ದೆಯಲ್ಲೇ ಕ್ರಾಸ್ ಬದಿ ಜಗ್ಗುತ್ತದೆ. ತ್ರಿಕೋನದ 90 ಡಿಗ್ರಿ ಮೂಲೆಯನ್ನು ಚೌಕದ ಮೂಲೆಗೆ ಸರಿಯಾಗಿ ಕೂಡಿಸಿ, ಚೂಪು ತುದಿ ಇನ್ನೊಂದು ಕಡೆ ಬಾಲದಂತೆ ಹೊರಗೆ ಇಣುಕಲಿ. ಅದನ್ನು ನೋಡಿ ಗಾಬರಿಯಾಗಿ ನಡುಮಧ್ಯಕ್ಕೆ ಸರಿಸುವುದರಿಂದಲೇ ಸಾಲು ಸೊಟ್ಟಗಾಗುವುದು. ಹೊಲಿಯುವಾಗ ತ್ರಿಕೋನ ಕೆಳಗೆ, ಚೌಕ ಮೇಲೆ. ಕ್ರಾಸ್ ಬದಿಯ ಸಡಿಲವನ್ನು ಮಷೀನಿನ ಹಲ್ಲು ತಾನೇ ಒಳಗೆ ತೆಗೆದುಕೊಳ್ಳುತ್ತದೆ. ಅಂಚು ಬಿಡುವುದು ಎರಡು ಸೂತ, ಅಂದರೆ ಕಾಲು ಇಂಚು. ಇಸ್ತ್ರಿಯನ್ನು ಒತ್ತಿ ಎತ್ತಿ, ಉಜ್ಜಬೇಡಿ. ಹೊಲಿಗೆಯ ಅಂಚು ತ್ರಿಕೋನದ ಕಡೆಗೆ ಮಡಚಿಕೊಳ್ಳಲಿ. ಬಾಲ ಕತ್ತರಿಸಿ ಓರೆ ಸಾಲುಗಳನ್ನು ಕೂಡಿಸಿದ ಮೇಲೆ ಕಡೆಗೆ ಮೂಲೆಯವು. ಅವನ್ನು ನಡುವೆ ಮಡಚಿ ಗುರುತು ಮಾಡಿ, ಆ ಗುರುತನ್ನು ಚೌಕದ ಬದಿಯ ನಡುವಿಗೆ ಕೂಡಿಸಬೇಕು.

ಸುತ್ತಲೂ ಸಮ ಮಾಡುವಾಗ ಡೈಮಂಡಿನ ತುದಿಯಿಂದ ಹೊರಗೆ ಕಾಲು ಇಂಚು ಬಿಟ್ಟೇ ಕತ್ತರಿ ಹಾಕಿ. ತುದಿಗೆ ಅಂಟಿಕೊಂಡೇ ಕತ್ತರಿಸಿದರೆ ಗೋಟು ಹಚ್ಚಿದಾಗ ಅಂಚಿನ ಡೈಮಂಡುಗಳೆಲ್ಲ ಮೂಗು ಮೊಂಡಾಗಿ ಕೂರುತ್ತವೆ.